ಹೊಸ ಗಾಲ್ಫ್ ಡ್ರೈವರ್ ಕೊಳ್ಳುವ ಮುಂಚೆ ಹಳೆಯದರ ಫೇಸ್ ಮೇಲಿನ ಕಲೆ ನೋಡಿ

ನಾನು ಗಾಲ್ಫ್ ಕ್ಲಬ್ ಎತ್ತುವ ಮೊದಲೇ ಬ್ಯಾಗ್ ಹೊರುವ ಕ್ಯಾಡಿ ಬಲಗಡೆಯ ಮರಗಳತ್ತ ನಡೆಯಲು ಶುರು ಮಾಡಿದ್ದ. ಹೊಸ ಡ್ರೈವರ್, ಅಂದರೆ ಮೊದಲ ಹೊಡೆತಕ್ಕೆ ಬಳಸುವ ದೊಡ್ಡ ತಲೆಯ ಕ್ಲಬ್, ತಂದು ಆಗ ಮೂರನೇ ವಾರ. ಮೊದಲೆರಡು ವಾರ ಪಾಪ ನನ್ನ ಹಿಂದೆಯೇ ನಿಂತು ಬಾಲ್ ಎಲ್ಲಿ ಬೀಳುತ್ತದೆ ಅಂತ ನೋಡುತ್ತಿದ್ದ, ಆಮೇಲೆ ಸಮಯ ಉಳಿಸುವುದನ್ನು ಕಲಿತ. ಒಂಬತ್ತನೇ ಹೋಲ್ ಮುಗಿಸಿ ನೀರು ಕುಡಿಯುವಾಗ "ಸಾರ್, ಹಳೇದೇ ಚೆನ್ನಾಗಿತ್ತಲ್ವಾ" ಅಂತ ಮೆಲ್ಲಗೆ ಕೇಳಿದ. ಚೆನ್ನಾಗೇ ಇತ್ತು.

ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಅಂಗಡಿಯ ನೆಟ್‌ನಲ್ಲಿ ಹದಿನೈದು ಬಾಲ್ ಹೊಡೆದೆ. ಅದರಲ್ಲಿ ಒಂದಕ್ಕೆ ಪರದೆ 251 ಯಾರ್ಡ್ ತೋರಿಸಿತು. ಆ ಒಂದು ಹೊಡೆತಕ್ಕೆ ದುಡ್ಡು ಕೊಟ್ಟು ಬಂದೆ, ಉಳಿದ ಹದಿನಾಲ್ಕು ಎಲ್ಲಿ ಹೋದವು ಅಂತ ನೋಡಲೇ ಇಲ್ಲ. 9 ಡಿಗ್ರಿ ಲಾಫ್ಟ್ (ಬಾಲ್‌ಗೆ ತಗಲುವ ಮುಖ, ಅಂದರೆ ಫೇಸ್, ಹಿಂದಕ್ಕೆ ವಾಲಿದ ಕೋನ), ಸ್ಟಿಫ್ ಅಂದರೆ ಬಿರುಸಾದ ಶಾಫ್ಟ್ (ಕ್ಲಬ್‌ನ ಕೋಲು), ಸ್ಪಿನ್ (ಬಾಲ್ ಹಿಂದಕ್ಕೆ ಸುತ್ತುವುದು) ಕಡಿಮೆ ಮಾಡುವ ಹೆಡ್. ಟಿವಿಯಲ್ಲಿ ಆಡುವವರಿಗೆ ಸರಿ, ವಾರಕ್ಕೊಮ್ಮೆ ಆಡುವ ನನ್ನಂಥವನಿಗೆ ಅದು ಶುದ್ಧ ದಂಡ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಬ್ರ್ಯಾಂಡ್ ಕೊನೆಗೆ ಬರುತ್ತದೆ. ಮೊದಲು ನಿಮ್ಮ ಹೊಡೆತ, ಆಮೇಲೆ ವೇಗ, ಲಾಫ್ಟ್, ಉದ್ದ, ಶಾಫ್ಟ್, ಅದಾದ ಮೇಲೆ ಹೆಡ್. ನಾನು ಬಲಗೈ ಆಟಗಾರರ ಲೆಕ್ಕದಲ್ಲಿ ಬರೆಯುತ್ತಿದ್ದೇನೆ, ಎಡಗೈಯವರು ಬಲ ಅಂದಲ್ಲೆಲ್ಲ ಎಡ ಅಂತ ಓದಿಕೊಳ್ಳಿ.

ನಿಜವಾಗಿ ಬೇಕಾ?

ಜಾಹೀರಾತುಗಳನ್ನು ನಂಬಿದರೆ ಪ್ರತಿ ವರ್ಷ ಹತ್ತು ಯಾರ್ಡ್ ಜಾಸ್ತಿ ಆಗಬೇಕು. ಹಾಗಾಗಿದ್ದರೆ ನಾವೆಲ್ಲ ಈಗ ಪಕ್ಕದ ತಾಲ್ಲೂಕಿಗೆ ಹೊಡೆಯುತ್ತಿದ್ದೆವು. ನಿಯಮ ಮಾಡುವ ಎರಡು ಸಂಸ್ಥೆಗಳು, ಅಂದರೆ ಅಮೆರಿಕದ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಆರ್ ಆಂಡ್ ಎ, ಹೆಡ್ 460 ಸಿಸಿಗಿಂತ ದೊಡ್ಡದಿರಬಾರದು ಅಂತ 2004ರಲ್ಲೇ ಗೆರೆ ಎಳೆದಿವೆ. ಫೇಸ್ ಎಷ್ಟು ಪುಟಿಯಬಹುದು ಅನ್ನುವುದಕ್ಕೂ ಮಿತಿ ಇದೆ. ಎಲ್ಲ ದೊಡ್ಡ ಕಂಪನಿಗಳೂ ಬಹಳ ಹಿಂದೆಯೇ ಆ ಮಿತಿ ಮುಟ್ಟಿಯಾಗಿದೆ. ಫೇಸ್‌ನ ನಟ್ಟನಡುವೆ ತಗುಲಿದ ಬಾಲ್ ಹತ್ತು ವರ್ಷ ಹಳೆಯ ಟೈಟಾನಿಯಂ ಡ್ರೈವರ್‌ನಿಂದಲೂ ಹೆಚ್ಚೂಕಡಿಮೆ ಅಷ್ಟೇ ದೂರ ಹೋಗುತ್ತದೆ. ಸುಧಾರಿಸಿರುವುದು ನಡುವೆ ತಗುಲದ ಹೊಡೆತಗಳು. ನಮ್ಮದು ಬಹುಪಾಲು ಅಂಥದ್ದೇ ಆದ್ದರಿಂದ ಅದೇನೂ ಸಣ್ಣ ಲಾಭವಲ್ಲ.

1991ರಲ್ಲಿ ಕ್ಯಾಲವೇ ಕಂಪನಿ ಬಿಗ್ ಬರ್ತಾ ತಂದಾಗ ಅದರ ಹೆಡ್ ಸುಮಾರು 190 ಸಿಸಿ ಇತ್ತು. ಆ ಗಾತ್ರಕ್ಕೇ ಮೊದಲನೇ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರಿಟ್ಟಿದ್ದರು. ಅದಕ್ಕೂ ಹಿಂದೆ ಹೆಡ್ ನಿಜವಾಗಿಯೂ ಮರದ್ದು, ಪರ್ಸಿಮನ್ ಅನ್ನುವ ಮರ, ನಮ್ಮ ಬೀಡಿ ಎಲೆ ಮರದ ಕುಲದ್ದೇ. ಅಪ್ಪನ ಕಾಲದ ಅಂಥ ಕ್ಲಬ್ ಅಟ್ಟದ ಮೇಲೆ ಇದ್ದರೆ ಗೋಡೆಗೆ ತೂಗುಹಾಕಿ, ಆಡಲು ಬೇಡ.

ನಿಮ್ಮ ಡ್ರೈವರ್ 460 ಸಿಸಿಯದ್ದು, ಬಿರುಕಿಲ್ಲ, ಹತ್ತರಲ್ಲಿ ಆರು ಬಾಲ್ ಫೇರ್‌ವೇ (ನಡುವಿನ ಕತ್ತರಿಸಿದ ಹುಲ್ಲಿನ ಹಾದಿ) ಆಸುಪಾಸಿನಲ್ಲಿ ಬೀಳುತ್ತವೆ ಅಂದರೆ ಸುಮ್ನೆ ಇರಿ. ಆ ದುಡ್ಡಲ್ಲಿ ಕೋಚ್ ಹತ್ತಿರ ಐದಾರು ಪಾಠ ಹೇಳಿಸಿಕೊಳ್ಳಿ. ಹೆಡ್ ಸಣ್ಣದಿದ್ದರೆ, ಬಿರುಕು ಬಿಟ್ಟಿದ್ದರೆ, ವಯಸ್ಸಾಗಿ ವೇಗ ಇಳಿದಿದ್ದರೆ ಅಥವಾ ನನ್ನ ಹಾಗೆ ತಪ್ಪು ಕ್ಲಬ್ ಕೊಂಡು ಕೂತಿದ್ದರೆ ಮುಂದೆ ಓದಿ.

ಹಂತ 1: ಬಾಲ್ ಎಲ್ಲಿ ತಗಲುತ್ತಿದೆ?

ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ. ಖರ್ಚು ಮೂವತ್ತು ರೂಪಾಯಿ.

ಒಂದು ವೈಟ್‌ಬೋರ್ಡ್ ಮಾರ್ಕರ್ ತೆಗೆದುಕೊಂಡು ರೇಂಜ್‌ಗೆ, ಅಂದರೆ ಅಭ್ಯಾಸದ ಮೈದಾನಕ್ಕೆ ಹೋಗಿ. ಬಾಲ್ ಮೇಲೆ ಹತ್ತು ಪೈಸೆ ನಾಣ್ಯದಷ್ಟು ಅಗಲದ ಚುಕ್ಕೆ ಬಳಿಯಿರಿ. ಆ ಚುಕ್ಕೆ ಕ್ಲಬ್‌ನ ಕಡೆ ಮುಖ ಮಾಡುವ ಹಾಗೆ ಟೀ (ಬಾಲ್ ಇಡುವ ಪುಟ್ಟ ಗೂಟ) ಮೇಲೆ ಇಟ್ಟು, ಶಾಯಿ ಒಣಗುವ ಮೊದಲು ಹೊಡೆಯಿರಿ. ಫೇಸ್ ಮೇಲೆ ಅಚ್ಚು ಬೀಳುತ್ತದೆ. ಫೋಟೊ ತೆಗೆದುಕೊಂಡು, ಒರೆಸಿ, ಮತ್ತೆ ಹೊಡೆಯಿರಿ. ಹೀಗೆ ಇಪ್ಪತ್ತು ಸಲ. ಡ್ರೈ ಶಾಂಪೂ ಸ್ಪ್ರೇ ಇದ್ದರೆ ಇನ್ನೂ ಸುಲಭ, ಫೇಸ್ ಮೇಲೆ ತೆಳ್ಳಗೆ ಹೊಡೆದರೆ ಆಯ್ತು, ಬಾಲ್ ತಗುಲಿದಲ್ಲಿ ಬಿಳಿ ಪುಡಿ ಅಳಿಸಿ ಗುಂಡಗೆ ಕಾಣುತ್ತದೆ. ಮನೆಯವರ ಶಾಂಪೂ ಆಗಿದ್ದರೆ ಕೇಳಿ ತೆಗೆದುಕೊಳ್ಳಿ.

ಈಗ ಫೋಟೊ ನೋಡಿ. ಡ್ರೈವರ್ ಫೇಸ್ ಚಪ್ಪಟೆ ಅಲ್ಲ, ಮೇಲಿಂದ ಕೆಳಗೂ ಅಡ್ಡಕ್ಕೂ ಸ್ವಲ್ಪ ಉಬ್ಬಿರುತ್ತದೆ. ಬಾಲ್ ಅಂಚಿಗೆ ತಗುಲಿದಾಗ ಹೆಡ್ ತಿರುಗುತ್ತದೆ, ಒಂದು ಹಲ್ಲಿನ ಚಕ್ರ ಇನ್ನೊಂದನ್ನು ತಿರುಗಿಸಿದ ಹಾಗೆ ಬಾಲ್‌ಗೆ ಎದುರು ದಿಕ್ಕಿನ ತಿರುಗು ಬರುತ್ತದೆ. ಹೀಲ್ ಕಡೆ, ಅಂದರೆ ಶಾಫ್ಟ್ ಹತ್ತಿರ ತಗುಲಿದರೆ ಬಾಲ್ ಬಲಕ್ಕೆ ಬಾಗುತ್ತದೆ. ಟೋ ಕಡೆ, ಅಂದರೆ ಹೊರತುದಿಗೆ ತಗುಲಿದರೆ ಎಡಕ್ಕೆ. ಫೇಸ್‌ನ ಮೇಲ್ಭಾಗಕ್ಕೆ ತಗುಲಿದರೆ ಎತ್ತರ ಹೋಗಿ ಸ್ಪಿನ್ ಕಡಿಮೆ ಆಗುತ್ತದೆ, ಕೆಳಗೆ ತಗುಲಿದರೆ ತಗ್ಗಾಗಿ ಹೊರಟರೂ ಸ್ಪಿನ್ ಜಾಸ್ತಿಯಾಗಿ ದೂರ ಸಾಯುತ್ತದೆ.

ಇದು ಯಾಕೆ ಮುಖ್ಯ ಅಂದರೆ, ನನಗೆ ಸ್ಲೈಸ್ (ಬಾಲ್ ಬಲಕ್ಕೆ ಬಾಗುವ ಹೊಡೆತ) ಇದೆ ಅಂತ ವರ್ಷಗಟ್ಟಲೆ ಸ್ವಿಂಗ್ ತಿದ್ದಿಕೊಳ್ಳುತ್ತಿರುವ ಎಷ್ಟೋ ಜನಕ್ಕೆ ಇರುವುದು ಹೀಲ್ ರೋಗ. ನನ್ನ ಇಪ್ಪತ್ತು ಕಲೆಗಳಲ್ಲಿ ಹದಿಮೂರು ನಡುವಿನಿಂದ ಹೀಲ್ ಕಡೆಗೆ, ಹೆಬ್ಬೆರಳಿನ ಅಗಲದಷ್ಟು ದೂರ, ಒಂದರ ಮೇಲೊಂದು ಕೂತಿದ್ದವು. ಬಾಲ್‌ನಿಂದ ಅರ್ಧ ಹೆಜ್ಜೆ ಹಿಂದೆ ನಿಂತು, ಗ್ರಿಪ್ ಒಂದಿಂಚು ಕೆಳಗೆ ಹಿಡಿದೆ. ಹದಿಮೂರು ಐದಕ್ಕೆ ಇಳಿಯಿತು. ಸ್ವಿಂಗ್ ಅದೇ!

ಕಲೆಗಳು ಒಂದೇ ಕಡೆ ಗುಂಪಾಗಿದ್ದರೆ ತೊಂದರೆ ಬಹುಶಃ ಉದ್ದದ್ದು ಅಥವಾ ನಿಲ್ಲುವುದರದ್ದು, ಸರಿಹೋಗುತ್ತದೆ. ಫೇಸ್ ತುಂಬ ಚೆಲ್ಲಾಡಿದ್ದರೆ ಕ್ಷಮಿಸುವ ಗುಣ ಜಾಸ್ತಿ ಇರುವ ಹೆಡ್ ಬೇಕು. ಫೋಟೊಗಳನ್ನು ಅಳಿಸಬೇಡಿ, ಮುಂದೆ ಬೇಕಾಗುತ್ತವೆ.

ಹಂತ 2: ನಿಮ್ಮ ವೇಗ

ಲಾಂಚ್ ಮಾನಿಟರ್ (ಕ್ಲಬ್ ಮತ್ತು ಬಾಲ್ ವೇಗ ಅಳೆಯುವ ಯಂತ್ರ) ಇರುವ ಕಡೆ ಅರ್ಧ ಗಂಟೆ ಬಾಡಿಗೆಗೆ ತೆಗೆದುಕೊಂಡರೆ ಸಾಕು. ಅದೂ ಬೇಡ ಅಂದರೆ ಒರಟು ಲೆಕ್ಕ: ನಿಮ್ಮ ಚೆನ್ನಾಗಿ ತಗುಲಿದ ಡ್ರೈವ್ ಗಾಳಿಯಲ್ಲೇ ಸುಮಾರು 200 ಯಾರ್ಡ್ ಹೋದರೆ ಕ್ಲಬ್ ವೇಗ ಗಂಟೆಗೆ 90 ಮೈಲಿ ಆಸುಪಾಸು. ಉರುಳಿದ್ದನ್ನು ಸೇರಿಸಬೇಡಿ. ಬೇಸಿಗೆಯಲ್ಲಿ ಗಟ್ಟಿಯಾದ ಫೇರ್‌ವೇ ಮೇಲೆ ಎಲ್ಲರೂ ವೀರರೇ.

ಬೆಂಗಳೂರಿನವರು ಇನ್ನೊಂದು ನೆನಪಿಡಬೇಕು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಬಾಲ್ ನೂರಕ್ಕೆ ಮೂರರಷ್ಟು ಜಾಸ್ತಿ ಹೋಗುತ್ತದೆ. ಮಂಗಳೂರು ಅಥವಾ ಚೆನ್ನೈಗೆ ಹೋಗಿ ಆಡಿದಾಗ ಆರೇಳು ಯಾರ್ಡ್ ಕಮ್ಮಿ ಆದರೆ ಡ್ರೈವರ್‌ಗೆ ಬೈಯಬೇಡಿ.

ಅಮೆರಿಕದ ಪುರುಷರ ವೃತ್ತಿಪರ ಟೂರ್‌ನಲ್ಲಿ ಸರಾಸರಿ ವೇಗ ಗಂಟೆಗೆ 115 ಮೈಲಿ ಸುತ್ತಮುತ್ತ. ಮಹಿಳೆಯರ ಎಲ್‌ಪಿಜಿಎ ಟೂರ್‌ನಲ್ಲಿ 95 ಆಸುಪಾಸು. ಕ್ಲಬ್‌ನಲ್ಲಿ ಆಡುವ ಸಾಧಾರಣ ಗಂಡಸಿನ ವೇಗ ಎರಡನೆಯದಕ್ಕೆ ಹತ್ತಿರ, ಆದರೆ ನಾವು ಕ್ಲಬ್ ಕೊಳ್ಳುವುದು ಮೊದಲನೆಯವರನ್ನು ನೋಡಿ. ಡ್ರೈವರ್ ವಿಷಯದಲ್ಲಿ ಏನಾದರೂ ಕಲಿಯಬೇಕಿದ್ದರೆ ಮಹಿಳೆಯರ ಟೂರ್ ನೋಡಿ. ಅವರು ಬಾಲ್ ಅನ್ನು ಮೇಲ್ಮುಖವಾಗಿ, ನಡುವಿಗೇ ಹೊಡೆಯುತ್ತಾರೆ, ಅದೇ ವೇಗದಲ್ಲಿ ನಮಗಿಂತ ಎಷ್ಟೋ ಮುಂದೆ ಹೋಗುತ್ತದೆ.

ಹಂತ 3: ಲಾಫ್ಟ್ (ನಾಚಿಕೆ ಬಿಡಿ)

ಕಡಿಮೆ ಲಾಫ್ಟ್ ಅಂದರೆ ಗಟ್ಟಿಗ ಅನ್ನುವ ಭ್ರಮೆ ನಮ್ಮಲ್ಲಿ ಜೋರು. ನಾನು ಅನುಸರಿಸುವ ಲೆಕ್ಕ ಹೀಗೆ: ವೇಗ 85ಕ್ಕಿಂತ ಕಡಿಮೆ ಇದ್ದರೆ 12 ಡಿಗ್ರಿ ಅಥವಾ ಇನ್ನೂ ಜಾಸ್ತಿ, 85ರಿಂದ 95ರವರೆಗೆ 10.5ರಿಂದ 12, ಅದರಾಚೆ 105ರವರೆಗೆ 9.5ರಿಂದ 10.5. ನೂರೈದು ದಾಟಿದವರು ಈ ಬರಹ ಓದುತ್ತಾ ಯಾಕೆ ಕೂತಿದ್ದೀರಿ? ಬಾಲ್ ಮೇಲೆ ಕೆಳಮುಖವಾಗಿ ಬೀಳುವ ಸ್ವಿಂಗ್ ನಿಮ್ಮದಾದರೆ ಇನ್ನೊಂದು ಡಿಗ್ರಿ ಸೇರಿಸಿ.

ಲಾಫ್ಟ್ ಜಾಸ್ತಿ ಆದಷ್ಟು ಸ್ಲೈಸ್ ಕಮ್ಮಿ. ಬಾಲ್ ಹಿಂದಕ್ಕೆ ತಿರುಗುವುದು ಹೆಚ್ಚಾದಾಗ ಪಕ್ಕಕ್ಕೆ ಬಾಗುವುದು ಕಡಿಮೆ ಕಾಣುತ್ತದೆ. ಸ್ಲೈಸ್ ಇರುವವನಿಗೆ 9 ಡಿಗ್ರಿ ಕೊಡುವುದು ಎಂದರೆ ಜಾರುವ ನೆಲಕ್ಕೆ ಎಣ್ಣೆ ಸುರಿದ ಹಾಗೆ. ಹೆಡ್ ಮೇಲೆ ಬರೆದಿರುವ ಸಂಖ್ಯೆ ಒಂದು ಡಿಗ್ರಿ ಆಚೀಚೆ ಇರುವುದೂ ಉಂಟು, ಅದನ್ನೇ ಹಿಡಿದುಕೊಂಡು ಕೂರಬೇಡಿ.

ಹಂತ 4: ಉದ್ದ

ಅಂಗಡಿಯಲ್ಲಿ ಸಿಗುವ ಹೆಚ್ಚಿನ ಡ್ರೈವರ್‌ಗಳು 45.5ರಿಂದ 45.75 ಇಂಚು. ನಿಯಮದ ಮಿತಿ 48 ಇಂಚು, 2022ರಿಂದ ದೊಡ್ಡ ಟೂರ್‌ನಾಮೆಂಟ್‌ಗಳು ಬೇಕೆಂದರೆ 46ಕ್ಕೆ ಇಳಿಸಬಹುದು. ತಮಾಷೆ ಅಂದರೆ, ದಿನಕ್ಕೆ ನೂರಾರು ಬಾಲ್ ಹೊಡೆಯುವ ಎಷ್ಟೋ ವೃತ್ತಿಪರರು ಅಂಗಡಿಯ ಉದ್ದಕ್ಕಿಂತ ಗಿಡ್ಡದ್ದನ್ನು ಇಟ್ಟುಕೊಳ್ಳುತ್ತಾರೆ, ವಾರಕ್ಕೊಮ್ಮೆ ಆಡುವ ನಮಗೆ ಉದ್ದನೆಯದನ್ನು ಮಾರುತ್ತಾರೆ. ಯಾಕೆಂದರೆ ಉದ್ದ ಶಾಫ್ಟ್ ಲಾಂಚ್ ಮಾನಿಟರ್‌ನಲ್ಲಿ ಆ ಒಂದು 251 ತೋರಿಸುತ್ತದೆ.

ಪರೀಕ್ಷೆ ಸುಲಭ. ಗ್ರಿಪ್ ತುದಿಯಿಂದ ಒಂದಿಂಚು ಕೆಳಗೆ ಹಿಡಿದು ಹತ್ತು ಬಾಲ್ ಹೊಡೆಯಿರಿ, ಕಲೆ ನೋಡಿ. ಕಲೆಗಳು ನಡುವೆ ಬಂದು, ದೂರ ಹೆಚ್ಚು ಕಮ್ಮಿ ಅಷ್ಟೇ ಇದ್ದರೆ ನಿಮಗೆ 44.5ರಿಂದ 45 ಇಂಚು ಸರಿ. ಆದರೆ ಇರುವ ಶಾಫ್ಟ್ ಅನ್ನು ಸುಮ್ನೆ ಕತ್ತರಿಸಿಬಿಡಬೇಡಿ. ಅರ್ಧ ಇಂಚು ಕತ್ತರಿಸಿದರೆ ಹೆಡ್ ಹಗುರವಾದ ಹಾಗೆ ಅನಿಸುತ್ತದೆ, ಅದನ್ನು ಸರಿದೂಗಿಸಲು ಹೆಡ್‌ಗೆ ಆರು ಗ್ರಾಂನಷ್ಟು ತೂಕ ಸೇರಿಸಬೇಕು. ಸೀಸದ ಟೇಪ್ ಅಂಟಿಸಿದರೂ ನಡೆಯುತ್ತದೆ.

ಹಂತ 5: ಶಾಫ್ಟ್

ಶಾಫ್ಟ್ ಎಷ್ಟು ಬಾಗುತ್ತದೆ (ಫ್ಲೆಕ್ಸ್) ಅಂತ ತಿಳಿಸಲು ಅದರ ಮೇಲೆ ಆರ್ (ರೆಗ್ಯುಲರ್), ಎಸ್ (ಸ್ಟಿಫ್), ಎಕ್ಸ್ (ಇನ್ನೂ ಬಿರುಸು) ಅಂತ ಬರೆದಿರುತ್ತದಲ್ಲ, ಅದಕ್ಕೆ ಎಲ್ಲ ಕಂಪನಿಗಳಿಗೂ ಸೇರಿ ಒಂದು ಅಳತೆ ಅಂತ ಇಲ್ಲ. ಒಬ್ಬರ ಸ್ಟಿಫ್ ಇನ್ನೊಬ್ಬರ ರೆಗ್ಯುಲರ್. ರೆಡಿಮೇಡ್ ಷರ್ಟಿನ ಮೀಡಿಯಂ ಇದ್ದ ಹಾಗೆ, ಹಾಕಿ ನೋಡದೆ ಗೊತ್ತಾಗುವುದಿಲ್ಲ. ಸುಮಾರಾಗಿ 75ರಿಂದ 85 ವೇಗಕ್ಕೆ ಸೀನಿಯರ್, 85ರಿಂದ 95ಕ್ಕೆ ರೆಗ್ಯುಲರ್, 95ರಿಂದ 105ಕ್ಕೆ ಸ್ಟಿಫ್. ಎರಡರ ನಡುವೆ ಇದ್ದರೆ ಮೆದುವಿನ ಕಡೆ ಹೋಗಿ.

ನನ್ನ ಅನುಭವದಲ್ಲಿ ಫ್ಲೆಕ್ಸ್‌ಗಿಂತ ತೂಕ ಬೇಗ ತಿಳಿಯುತ್ತದೆ. 40 ಗ್ರಾಂನಿಂದ 70ರ ಮೇಲಿನವರೆಗೆ ಸಿಗುತ್ತವೆ. ಹಗುರವಾದರೆ ವೇಗ ಸ್ವಲ್ಪ ಏರಬಹುದು, ತೀರಾ ಹಗುರವಾದರೆ ಕ್ಲಬ್ ಎಲ್ಲಿದೆ ಅಂತ ಕೈಗೇ ಗೊತ್ತಾಗದೆ ಕಲೆಗಳು ಚೆಲ್ಲಾಡುತ್ತವೆ. 50 ಮತ್ತು 60 ಗ್ರಾಂ ಎರಡನ್ನೂ ಹೊಡೆದು ನೋಡಿ. ಹದಿನೆಂಟನೇ ಹೋಲ್‌ಗೆ ಬರುವಷ್ಟರಲ್ಲಿ ನೀವು ಎಷ್ಟು ಸುಸ್ತಾಗಿರುತ್ತೀರಿ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಗ್ರಿಪ್ ಬಗ್ಗೆ ಎರಡೇ ಮಾತು. ದಪ್ಪ ನಿಮ್ಮ ಕೈಗೆ ಹೊಂದಬೇಕು. ಕರಾವಳಿಯಲ್ಲಿ ಆಡುವವರಿಗೆ ಬೆವರು ಹೀರುವ, ದಾರ ಬೆರೆಸಿದ ಗ್ರಿಪ್ ವಾಸಿ.

ಹಂತ 6: ಹೆಡ್

ಈಗ ಬ್ರ್ಯಾಂಡ್ ಬಾಗಿಲು ತೆರೆಯಬಹುದು. ಹೆಸರು ಬೇರೆ ಬೇರೆ ಇದ್ದರೂ ಎಲ್ಲ ಕಂಪನಿಗಳೂ ಹೆಚ್ಚೂಕಡಿಮೆ ಮೂರು ಬಗೆ ಮಾಡುತ್ತವೆ.

ಮೊದಲನೆಯದು ಮ್ಯಾಕ್ಸ್ ಅನ್ನುವ ಬಗೆ. ಇದರಲ್ಲಿ ತೂಕವನ್ನು ಆದಷ್ಟು ಹಿಂದಕ್ಕೆ, ಅಂಚುಗಳಿಗೆ ತಳ್ಳಿರುತ್ತಾರೆ. ಹೆಗಲ ಮೇಲಿನ ಕಾವಡಿ ನೆನಪಿಸಿಕೊಳ್ಳಿ. ಎರಡು ಕೊಡಗಳೂ ತುದಿಗಳಲ್ಲಿ ತೂಗುತ್ತಿದ್ದರೆ ಅದನ್ನು ಗಕ್ಕನೆ ತಿರುಗಿಸುವುದು ಕಷ್ಟ, ಅದೇ ಕೊಡಗಳನ್ನು ನಡುವೆ ಕಟ್ಟಿದರೆ ಸುಲಭವಾಗಿ ತಿರುಗುತ್ತದೆ. ಹೆಡ್ ಕೂಡ ಹಾಗೇ, ತೂಕ ಅಂಚಿನಲ್ಲಿದ್ದಷ್ಟೂ ಬಾಲ್ ಓರೆಯಾಗಿ ತಗುಲಿದಾಗ ತಿರುಗುವುದು ಕಡಿಮೆ. ಹೀಗೆ ತಿರುಗದೆ ನಿಲ್ಲುವ ಗುಣವನ್ನು ಎಂಓಐ (ಮೊಮೆಂಟ್ ಆಫ್ ಇನರ್ಷಿಯಾ) ಅಂತಾರೆ. 2024ರಲ್ಲಿ ಪಿಂಗ್ ಜಿ430 ಮ್ಯಾಕ್ಸ್ 10ಕೆ, ಟೇಲರ್‌ಮೇಡ್ ಕ್ಯೂಐ10 ಮ್ಯಾಕ್ಸ್ ಬಂದಾಗ 10ಕೆ ಅಂತ ದೊಡ್ಡ ಸುದ್ದಿಯಾಯಿತಲ್ಲ, ಅದು ಅಡ್ಡಕ್ಕೆ ಮತ್ತು ಉದ್ದಕ್ಕೆ ಎರಡೂ ದಿಕ್ಕಿನ ಎಂಓಐ ಸೇರಿಸಿ ಹತ್ತು ಸಾವಿರ ದಾಟಿದ ಲೆಕ್ಕ. ಒಂದು ದಿಕ್ಕಿಗೆ ನಿಯಮದ ಮಿತಿ 5900. ಎರಡು ಮಕ್ಕಳ ಅಂಕ ಕೂಡಿಸಿ ಮನೆಗೆ ರ‍್ಯಾಂಕ್ ಬಂತು ಅಂದ ಹಾಗೆ ಇದೆ, ಆದರೂ ಕ್ಲಬ್ ಒಳ್ಳೆಯದೇ.

ಎರಡನೆಯದು ಡ್ರಾ, ಅಂದರೆ ಬಾಲ್ ಎಡಕ್ಕೆ ಬಾಗಲು ನೆರವಾಗುವ ಬಗೆ. ಪಿಂಗ್‌ನಲ್ಲಿ ಎಸ್‌ಎಫ್‌ಟಿ, ಕ್ಯಾಲವೇಯಲ್ಲಿ ಮ್ಯಾಕ್ಸ್ ಡಿ ಥರದ ಹೆಸರು. ತೂಕ ಹೀಲ್ ಕಡೆ ಇರುವುದರಿಂದ ಫೇಸ್ ಮುಚ್ಚಿಕೊಳ್ಳಲು, ಅಂದರೆ ಎಡಕ್ಕೆ ತಿರುಗಲು ಸಹಾಯ ಆಗುತ್ತದೆ. ಕಲೆಗಳು ನಡುವೆಯೇ ಇದ್ದೂ ಬಾಲ್ ಬಲಕ್ಕೇ ಬಾಗುತ್ತಿದ್ದರೆ ಇದನ್ನು ಹೊಡೆದು ನೋಡಿ. ಸ್ಲೈಸ್ ಪೂರ್ತಿ ಹೋಗುವುದಿಲ್ಲ, ಪಕ್ಕದ ಫೇರ್‌ವೇ ಬದಲು ನಿಮ್ಮದೇ ಫೇರ್‌ವೇ ಅಂಚಿನ ಉದ್ದ ಹುಲ್ಲಿನಲ್ಲಿ (ರಫ್) ಬೀಳುತ್ತದೆ. ಅಷ್ಟಾದರೂ ಆಯ್ತಲ್ವಾ.

ಮೂರನೆಯದು ಎಲ್‌ಎಸ್, ಎಲ್‌ಎಸ್‌ಟಿ ಅಂತ ಕರೆಯುವ ಕಡಿಮೆ ಸ್ಪಿನ್ ಬಗೆ. ತೂಕ ಮುಂದಕ್ಕೆ ಇರುತ್ತದೆ. ವೇಗ ನೂರಕ್ಕಿಂತ ಕಡಿಮೆ ಇರುವವರು ಇದನ್ನು ಕೈಯಲ್ಲೂ ಮುಟ್ಟಬೇಡಿ. ನೋಡಲು ಮಾತ್ರ ಬಹಳ ಚೆಂದ, ಅದೇ ನನ್ನನ್ನು ಹಾಳು ಮಾಡಿದ್ದು.

ಹಂತ 7: ಹೊಡೆದು ನೋಡುವ ದಿನ

ಬೆಳಿಗ್ಗೆ ಹೋಗಿ, ಆಡಿ ಸುಸ್ತಾದ ಮೇಲಲ್ಲ. ನಿಮ್ಮ ಹಳೆಯ ಡ್ರೈವರ್ ಕಡ್ಡಾಯವಾಗಿ ತೆಗೆದುಕೊಂಡು ಹೋಗಿ. ಹೋಲಿಸಲು ಅದಿಲ್ಲದಿದ್ದರೆ ಎಲ್ಲ ಹೊಸದೂ ಚೆನ್ನಾಗೇ ಕಾಣುತ್ತದೆ. ಸಾಧ್ಯವಾದರೆ ನೀವು ಆಡುವ ಬಾಲ್‌ಗಳನ್ನೇ ಕೇಳಿ, ಸವೆದ ರೇಂಜ್ ಬಾಲ್‌ಗಳು ದೂರ ಮತ್ತು ಸ್ಪಿನ್ ಎರಡರಲ್ಲೂ ಸುಳ್ಳು ಹೇಳುತ್ತವೆ. ಟೀ ಎತ್ತರ ಅರ್ಧ ಬಾಲ್ ಹೆಡ್‌ಗಿಂತ ಮೇಲೆ ಕಾಣುವಷ್ಟಿರಲಿ, ಎಲ್ಲ ಕ್ಲಬ್‌ಗೂ ಅದೇ ಎತ್ತರ.

ಒಂದೊಂದು ಕ್ಲಬ್‌ನಿಂದ ಹತ್ತು ಬಾಲ್. ನಡುವೆ ಎರಡು ನಿಮಿಷ ಕೂರಿ. ಮೂರಕ್ಕಿಂತ ಜಾಸ್ತಿ ಕ್ಲಬ್ ಬೇಡ, ಮೈ ಬಿಸಿಯಾಗಿ ನಾಲ್ಕನೆಯದು ತಾನಾಗೇ ಗೆಲ್ಲುತ್ತದೆ. ಹತ್ತರಲ್ಲಿ ಅತಿ ಉದ್ದದ್ದನ್ನೂ ಅತಿ ಕೆಟ್ಟದ್ದನ್ನೂ ಲೆಕ್ಕದಿಂದ ಬಿಟ್ಟು, ಉಳಿದ ಎಂಟರ ಸರಾಸರಿ ದೂರ ಬರೆದುಕೊಳ್ಳಿ. ಅದರ ಪಕ್ಕದಲ್ಲಿ ಅತಿ ಎಡಕ್ಕೆ ಹೋದದ್ದಕ್ಕೂ ಅತಿ ಬಲಕ್ಕೆ ಹೋದದ್ದಕ್ಕೂ ನಡುವೆ ಎಷ್ಟು ಯಾರ್ಡ್ ಅಂತ ಬರೆಯಿರಿ. ನಾನು ಎರಡನೇ ಸಲ ಕೊಂಡಾಗ ಒಂದು ಕ್ಲಬ್ ಸರಾಸರಿ 208 ಯಾರ್ಡ್, ಹರವು 71. ಇನ್ನೊಂದು 203, ಹರವು 44. ಐದು ಯಾರ್ಡ್ ಬಿಟ್ಟುಕೊಟ್ಟು ಎರಡನೆಯದನ್ನು ತಂದೆ. ಹೈ ಗ್ರೌಂಡ್ಸ್‌ನಲ್ಲಿ 1876ರಿಂದ ಇರುವ ಬೆಂಗಳೂರು ಗಾಲ್ಫ್ ಕ್ಲಬ್‌ನಂಥ ಇಕ್ಕಟ್ಟಿನ ಕೋರ್ಸ್‌ನಲ್ಲಿ 71 ಯಾರ್ಡ್ ಹರವು ಇಟ್ಟುಕೊಂಡು ಆಡಲು ಹೋದರೆ ಬಾಲ್ ಖರ್ಚೇ ಬೇರೆ.

ಪರದೆಯ ಮೇಲಿನ ಉಳಿದ ಸಂಖ್ಯೆಗಳಲ್ಲಿ ಮೂರು ಸಾಕು. ಬಾಲ್ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿದರೆ ಬರುವುದು ಸ್ಮ್ಯಾಶ್ ಫ್ಯಾಕ್ಟರ್, ಅದರ ತುತ್ತತುದಿ 1.5 ಆಸುಪಾಸು, 1.45 ಬಂದರೆ ನಡುವಿಗೇ ತಗಲುತ್ತಿದೆ ಅಂತ ಅರ್ಥ. ಹೊರಡುವ ಕೋನ 12ರಿಂದ 16 ಡಿಗ್ರಿ ಇರಲಿ. ಸ್ಪಿನ್ 90 ಮೈಲಿ ವೇಗದವರಿಗೆ ನಿಮಿಷಕ್ಕೆ 2400ರಿಂದ 3000. ಸ್ಪಿನ್ 4000 ತೋರಿಸಿದರೆ ಲಾಫ್ಟ್ ಇಳಿಸುವ ಮೊದಲು ಕಲೆ ಫೇಸ್‌ನ ಕೆಳಗೆ ಇದೆಯಾ ಅಂತ ನೋಡಿ. ಫಿಟ್ಟಿಂಗ್ ಮಾಡುವವರು ಒಳ್ಳೆಯವರಾದರೆ ಇದನ್ನು ಅವರೇ ಮೊದಲು ನೋಡುತ್ತಾರೆ. ನೀವು ಬಂದ ತಕ್ಷಣ ಬಜೆಟ್ ಎಷ್ಟು ಅಂತ ಕೇಳುವವರಾದರೆ ನಮಸ್ಕಾರ ಹೇಳಿ ಹೊರಡಿ.

ದೂರಕ್ಕೇ ಸಾಯಬೇಕಿಲ್ಲ ಅನ್ನುವುದಕ್ಕೆ ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಇದ್ದಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಟೀ ಹೊಡೆತದ ದೂರದಲ್ಲಿ ಬಹಳ ಹಿಂದೆ ಇದ್ದೂ ನಾಲ್ಕನೇ ಸ್ಥಾನ, ಕಂಚಿಗೆ ಒಂದೇ ಒಂದು ಸ್ಟ್ರೋಕ್ ಕಮ್ಮಿ.

ಹಂತ 8: ದುಡ್ಡು

ಅಮೆರಿಕದಲ್ಲಿ ಹೊಸ ಮಾಡೆಲ್ 600 ಡಾಲರ್ ಆಸುಪಾಸು, ಇಲ್ಲಿ ಅರ್ಧ ಲಕ್ಷ ದಾಟುತ್ತದೆ. ಟೇಲರ್‌ಮೇಡ್, ಕ್ಯಾಲವೇ ಹೆಚ್ಚಾಗಿ ವರ್ಷದ ಆರಂಭದಲ್ಲೇ ಹೊಸದನ್ನು ಬಿಡುತ್ತವೆ, ಆಗ ಹಿಂದಿನ ವರ್ಷದ್ದಕ್ಕೆ ಬೆಲೆ ಇಳಿಯುತ್ತದೆ. ಆ ಹಿಂದಿನ ವರ್ಷದ್ದೇ ನನ್ನ ಶಿಫಾರಸು. ಡಲ್ಲಾಸ್‌ನಲ್ಲೋ ಸ್ಯಾನ್ ಹೊಸೆಯಲ್ಲೋ ಇರುವ ಭಾವನಿಂದ ತರಿಸುವುದಾದರೆ ಎರಡು ಮಾತು: ಗಾಲ್ಫ್ ಕ್ಲಬ್ ಕ್ಯಾಬಿನ್ ಬ್ಯಾಗ್‌ನಲ್ಲಿ ತರಲು ಬಿಡುವುದಿಲ್ಲ, ಚೆಕ್‌ಇನ್ ಸಾಮಾನಿನಲ್ಲಿ ಹೆಡ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಇಡಲು ಹೇಳಿ. ಮತ್ತೆ, ಲಾಫ್ಟ್ ಮತ್ತು ಶಾಫ್ಟ್ ಇಲ್ಲೇ ಹೊಡೆದು ನೋಡಿ ಬರೆದು ಕಳಿಸಿ. "ಒಳ್ಳೇದೊಂದು ತಗೊಂಡ್ ಬನ್ನಿ ಭಾವ" ಅಂದರೆ ಸೇಲ್‌ನಲ್ಲಿದ್ದ 9 ಡಿಗ್ರಿ ಎಕ್ಸ್ ಸ್ಟಿಫ್ ಬರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಕ್ಕೆ ನನ್ನದೇನೂ ತಕರಾರಿಲ್ಲ. ಹೆಡ್ ಅನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಿಲಕಿ ಸದ್ದು ಬರಬಾರದು. ಫೇಸ್ ಮತ್ತು ಮೇಲ್ಭಾಗ ಸೇರುವ ಅಂಚಿನಲ್ಲಿ ಉಗುರು ಓಡಿಸಿ, ಕೂದಲೆಳೆ ಬಿರುಕು ಉಗುರಿಗೆ ಸಿಗುತ್ತದೆ. ಶಾಫ್ಟ್ ಬ್ಯಾಗ್‌ಗೆ ಉಜ್ಜಿ ಸವೆದಿದೆಯಾ ನೋಡಿ. ನಕಲಿ ಕ್ಲಬ್‌ಗಳೂ ಧಾರಾಳವಾಗಿ ಓಡಾಡುತ್ತಿವೆ. ಟೈಟಾನಿಯಂಗೆ ಆಯಸ್ಕಾಂತ ಅಂಟುವುದಿಲ್ಲ, ಟೈಟಾನಿಯಂ ಅಂತ ಹೇಳಿದ ಫೇಸ್‌ಗೆ ಫ್ರಿಜ್ ಮೇಲಿನ ಆಯಸ್ಕಾಂತ ಅಂಟಿದರೆ ವ್ಯವಹಾರ ಅಲ್ಲಿಗೇ ಬಿಡಿ. ಶಾಫ್ಟ್ ಹೆಡ್‌ಗೆ ಸೇರುವ ಕಡೆ ಸೀರಿಯಲ್ ನಂಬರ್ ಹುಡುಕಿ. ಸ್ಪರ್ಧೆಗಳಲ್ಲಿ ಆಡುವವರು ಆ ಹೆಡ್ ಯುಎಸ್‌ಜಿಎಯ ಒಪ್ಪಿತ ಪಟ್ಟಿಯಲ್ಲಿದೆಯಾ ಅಂತಲೂ ನೋಡಿಕೊಳ್ಳಬೇಕು.

ತಂದ ಮೇಲೆ

ಈಗಿನ ಬಹಳಷ್ಟು ಡ್ರೈವರ್‌ಗಳಲ್ಲಿ ಹೆಡ್ ಮತ್ತು ಶಾಫ್ಟ್ ಸೇರುವಲ್ಲಿನ ಸ್ಕ್ರೂ ಸಡಿಲಿಸಿ, ಅಲ್ಲಿನ ಗುರುತು ತಿರುಗಿಸಿ ಲಾಫ್ಟ್ ಒಂದೆರಡು ಡಿಗ್ರಿ ಏರಿಸಿ ಇಳಿಸಬಹುದು. ಏರಿಸಿದರೆ ಫೇಸ್ ಸ್ವಲ್ಪ ಎಡಕ್ಕೆ ಮುಚ್ಚಿಕೊಳ್ಳುತ್ತದೆ, ಇಳಿಸಿದರೆ ಬಲಕ್ಕೆ ತೆರೆದುಕೊಳ್ಳುತ್ತದೆ, ಸ್ಲೈಸ್ ಇರುವವರು ಇದನ್ನು ನೆನಪಿಟ್ಟುಕೊಳ್ಳಿ. ಆದರೆ ಮೊದಲ ಐದು ರೌಂಡ್ ಏನೂ ಮುಟ್ಟಬೇಡಿ. ಪ್ರತಿ ಟೀ ಹೊಡೆತಕ್ಕೆ ಸ್ಕೋರ್‌ಕಾರ್ಡ್ ಅಂಚಿನಲ್ಲಿ ಎಡ, ಬಲ, ನಡು ಅಂತ ಗುರುತು ಹಾಕಿ. ಐದು ರೌಂಡ್ ಆದಮೇಲೆ ಒಂದು ಕಡೆಗೇ ಜಾಸ್ತಿ ಇದ್ದರೆ ಒಂದೇ ಒಂದು ಗುರುತಿನಷ್ಟು ತಿರುಗಿಸಿ, ಮತ್ತೆ ಐದು ರೌಂಡ್. ಸ್ಪರ್ಧೆಯಲ್ಲಿ ರೌಂಡ್ ನಡುವೆ ಸೆಟ್ಟಿಂಗ್ ಬದಲಿಸಿ ಆ ಕ್ಲಬ್‌ನಿಂದ ಹೊಡೆದರೆ ಅನರ್ಹ ಮಾಡುತ್ತಾರೆ, ಹಾಗಾಗಿ ತಿರುಗಿಸುವುದೆಲ್ಲ ಮನೆಯಲ್ಲೇ.

ಹಳೆಯ ಡ್ರೈವರ್ ಅನ್ನು ಎರಡು ತಿಂಗಳು ಮಾರಬೇಡಿ. ಆ ಸ್ಕ್ರೂ ಬಿಗಿಯುವ ಪುಟ್ಟ ರೆಂಚ್ ಬರುತ್ತದಲ್ಲ, ಟಕ್ ಅಂತ ಸದ್ದು ಬರುವವರೆಗೆ ತಿರುಗಿಸಿ ಅಲ್ಲಿಗೇ ನಿಲ್ಲಿಸಿ, ಇನ್ನೂ ಬಲ ಹಾಕಬೇಡಿ. ಆಮೇಲೆ ಅದನ್ನು ಬ್ಯಾಗ್‌ನ ಒಂದೇ ಜೇಬಿನಲ್ಲಿ ಇಡುವ ಅಭ್ಯಾಸ ಮಾಡಿಕೊಳ್ಳಿ. ನನ್ನದು ಈಗಾಗಲೇ ಎರಡು ಸಲ ಕಳೆದು, ಎರಡು ಸಲವೂ ಕ್ಯಾಡಿಗೇ ಸಿಕ್ಕಿದೆ.